ನಾಯಿ ಇದ್ದ ಮನೆಗೆ ಇಲಿ ಬಂದರೆ

ಜಂತಿಯ ಮೇಲಿಂದ ಇಲಿಯೊಂದು ತಾನಾಗಿ ಸತ್ತು ಬಿದ್ದರೆ ಮನೆ ಬಿಡಬೇಕು, ಊರ ಹೊರಗೆ ಗುಡಿಸಲು ಹಾಕಿಕೊಳ್ಳಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹುಬ್ಬಳ್ಳಿಯವರಿಗೆ ಪ್ಲೇಗು ಕಲಿಸಿದ ಪಾಠ ಇದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಬೇನೆ, ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ಧಾರವಾಡ ಜಿಲ್ಲೆಗೂ ಹಬ್ಬಿತು. ರೈಲ್ವೆ ವರ್ಕ್‌ಶಾಪು, ಅರಳೆ ವ್ಯಾಪಾರ, ದಿನವಿಡೀ ಜನರ ಓಡಾಟ ಇದ್ದ ಹುಬ್ಬಳ್ಳಿಗೆ ಅದು ಬಾರದೆ ಇರುವುದು ಸಾಧ್ಯವೇ ಇರಲಿಲ್ಲ. 1898ರಲ್ಲಿ ಇಲ್ಲಿ ಲ್ಯೂಮನ್ ಎಂಬ ಸರ್ಕಾರಿ ವೈದ್ಯ, ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಕೆಲವೇ ತಿಂಗಳುಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಚುಚ್ಚಿದರು. ಆಗಿನ ಹುಬ್ಬಳ್ಳಿಯ ಜನಸಂಖ್ಯೆ 50 ಸಾವಿರದ ಆಸುಪಾಸಿನಲ್ಲಿತ್ತು. ಹಾಗಾಗಿ ಜಗತ್ತಿನ ಲಸಿಕೆಯ ಇತಿಹಾಸದಲ್ಲಿ ಹುಬ್ಬಳ್ಳಿಯ ಹೆಸರು ಗಟ್ಟಿಯಾಗಿ ಉಳಿದಿದೆ.

ಅದೇ ವರ್ಷದ ಜೂನ್‌ನಲ್ಲಿ, ಕರಾಚಿಯಲ್ಲಿ, ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ ಕಾಯಿಲೆಯ ಇಲಿಯೊಂದನ್ನೂ ಆರೋಗ್ಯವಂತ ಇಲಿಯೊಂದನ್ನೂ ಒಂದಕ್ಕೊಂದು ಮುಟ್ಟಲಾಗದಂತೆ ಒಂದೇ ಪಾತ್ರೆಯಲ್ಲಿಟ್ಟು ನೋಡಿದ. ಮೊದಲನೆಯದು ಸತ್ತಿತು. ಕೆಲವು ದಿನಗಳಲ್ಲಿ ಎರಡನೆಯದೂ ಸತ್ತಿತು. ನಡುವೆ ಓಡಾಡಿದ್ದು ಚಿಗಟ. ಇಲಿ ಪ್ಲೇಗನ್ನು ಹುಟ್ಟಿಸಿದ ಪ್ರಾಣಿಯಲ್ಲ, ಮನುಷ್ಯನಿಗಿಂತ ಮೊದಲು ಅದಕ್ಕೆ ಬಲಿಯಾದ ಪ್ರಾಣಿ ಎಂಬ ತಿಳಿವಳಿಕೆಗೆ ಅಲ್ಲಿಂದ ದಾರಿ ತೆರೆಯಿತು. ವೈದ್ಯರು ಇದನ್ನು ಒಪ್ಪಲು ಮತ್ತಷ್ಟು ವರ್ಷ ಬೇಕಾದವು. ಜನಸಾಮಾನ್ಯರ ಮನಸ್ಸಿನಲ್ಲಿ ಇಲಿಯ ಮೇಲಿನ ಆರೋಪ ಇಂದಿಗೂ ಪೂರ್ತಿ ತೊಡೆದುಹೋಗಿಲ್ಲ.

ಆದರೂ ಈ ಸೀಮೆಗೆ ಇಲಿಯೊಂದಿಗೆ ಭಯದ ನಂಟು ಮಾತ್ರ ಇದೆ ಎಂದರೆ ತಪ್ಪಾಗುತ್ತದೆ. ಉತ್ತರ ಕರ್ನಾಟಕದ ನೇಕಾರರ ಹಲವು ಮನೆಗಳಲ್ಲಿ ಗಣೇಶ ಚೌತಿಯ ಮರುದಿನ ‘ಇಲಿ ವಾರ’. ಗಣಪನ ವಾಹನಕ್ಕೂ ಅಂದು ಪೂಜೆ, ನೈವೇದ್ಯ. ನೂಲು ಕಡಿಯಬೇಡ, ಸೀರೆ ಕೆಡಿಸಬೇಡ ಎಂಬ ಬೇಡಿಕೆ ಅದರ ಹಿಂದಿದೆ. ಮಗ್ಗದ ನೂಲು, ಕಣಜದ ಜೋಳ ಎರಡಕ್ಕೂ ಹಲ್ಲು ಹಾಕುವ ಜೀವಿಯ ಜೊತೆ ಹೊಂದಿಕೊಂಡು ಬಾಳುವ ಇಂಥ ದಾರಿಯನ್ನು ಕಂಡುಕೊಂಡವರ ಮೇಲೆ ಗೌರವ ಹುಟ್ಟುತ್ತದೆ.

ಸಾಕಲು ತರುವ ಇಲಿ ಮಾತ್ರ ಬೇರೆ. ಹಳೆ ಹುಬ್ಬಳ್ಳಿಯ ಮಾಡಿನ ಮೇಲೆ, ಹೆಂಚಿನ ಸಂದಿಯಲ್ಲಿ ಓಡಾಡುವುದು ಸಾಮಾನ್ಯವಾಗಿ ಕಪ್ಪಿಲಿ. ಗಟಾರದ ಪಕ್ಕ ಬಿಲ ತೋಡುವುದು ಹೆಗ್ಗಣ. ಕತ್ತಲಲ್ಲಿ ಚಿಕ್ ಚಿಕ್ ಎನ್ನುತ್ತ ಗೋಡೆ ಹಿಡಿದು ಹೋಗುವ ಸೊಂಡಿಲಿಯಂತೂ ಇಲಿಯ ಜಾತಿಯೇ ಅಲ್ಲ. ಜಗತ್ತಿನಾದ್ಯಂತ ಮನೆಗಳಲ್ಲಿ ಸಾಕುವುದು ಕಂದು ಇಲಿಯ ಪಳಗಿದ ಸಂತತಿಯನ್ನು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನಿದ್ದ. ವಿಚಿತ್ರ ಬಣ್ಣದ ಇಲಿ ಸಿಕ್ಕರೆ ಅದನ್ನು ಕೊಲ್ಲದೆ ಸಾಕಿ, ಮರಿ ಮಾಡಿಸಿ ಮಾರುತ್ತಿದ್ದ. 1901ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆ ಇಂಗ್ಲೆಂಡಿನ ಏಲ್ಸ್‌ಬರಿಯ ಪ್ರದರ್ಶನದಲ್ಲಿ ತನ್ನ ಸಾಕು ಇಲಿಯನ್ನು ಸ್ಪರ್ಧೆಗಿಟ್ಟಳು. 1906ರಿಂದ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಬಿಳಿ ಇಲಿಯ ತಳಿ ಬೆಳೆಯಿತು. ವೈದ್ಯಕೀಯ, ಫಾರ್ಮಸಿ ಕಾಲೇಜುಗಳ ಪ್ರಾಣಿಶಾಲೆಗಳಲ್ಲಿ ವಿದ್ಯಾರ್ಥಿಗಳು ನೋಡುವ ಕೆಂಪು ಕಣ್ಣಿನ ಬಿಳಿ ಇಲಿ ಬಹುಮಟ್ಟಿಗೆ ಆ ತಳಿಯದೇ.

ಪಳಗುವುದು ರಕ್ತದಲ್ಲೇ ಬರುವ ಗುಣ ಎಂದು ತೋರಿಸಿದ ಪ್ರಯೋಗವೂ ಉಂಟು. ನರಿಗಳನ್ನು ಪಳಗಿಸಿ ಹೆಸರಾದ ದ್ಮಿತ್ರಿ ಬೆಲ್ಯಾಯೆವ್ ಅವರ ನೊವೊಸಿಬಿರ್ಸ್ಕ್ ಸಂಸ್ಥೆಯಲ್ಲಿ 1972ರಿಂದ ಕಾಡು ಕಂದು ಇಲಿಗಳ ಎರಡು ಸಾಲುಗಳನ್ನು ಬೆಳೆಸಿದರು. ಮನುಷ್ಯನ ಕೈಗೆ ಹೆದರದವುಗಳದು ಒಂದು ಸಾಲು, ಕಚ್ಚಲು ಬರುವವುಗಳದು ಇನ್ನೊಂದು. ತಲೆಮಾರುಗಳು ಕಳೆದಂತೆ ಮೊದಲ ಸಾಲಿನವು ಕೈಮೇಲೆ ಹತ್ತಿ ಕೂರತೊಡಗಿದವು, ಎರಡನೆಯವು ಕೈಗವಸಿನ ಮೇಲೂ ಎಗರಿದವು. ಆದ್ದರಿಂದ ಅಟ್ಟದ ಮೇಲೆ ಸಿಕ್ಕ ಮರಿಯನ್ನು ಹಾಲು ಕುಡಿಸಿ ಸಾಕುತ್ತೇವೆ ಎಂಬ ಮಕ್ಕಳ ಹಟಕ್ಕೆ ಹಿರಿಯರು ಮಣಿಯಬಾರದು. ಅಂಗಡಿಯಿಂದ ತರುವುದಾದರೆ, 2018ರ ಸಾಕುಪ್ರಾಣಿ ಅಂಗಡಿಗಳ ನಿಯಮದ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ಅಂಗಡಿ ನೋಂದಣಿಯಾಗಿದೆಯೇ ಎಂದು ಕೇಳಿ ನೋಡಬೇಕು.

ಇನ್ನು ನಾಯಿಯ ಮಾತು.

ಹುಬ್ಬಳ್ಳಿಯ ಯಾವುದೇ ಓಣಿಯಲ್ಲಿ ನಾಯಿ ಸಾಕಿದ ಮನೆಯ ಬಾಗಿಲಿಗೆ ಹೋದರೂ ಒಳಗಿನಿಂದ ಒಂದು ಮಾತು ಕೇಳಿಬರುತ್ತದೆ: “ಬರ್ರೀ, ನಮ್ಮ ನಾಯಿ ಏನೂ ಮಾಡೂದಿಲ್ರೀ.” ಮನುಷ್ಯರ ಮಟ್ಟಿಗೆ ಅದು ನಿಜವೇ ಇರಬಹುದು. ಇಲಿಯ ಮಟ್ಟಿಗೆ ಆ ಮಾತನ್ನು ನಂಬಲಾಗದು. ನಾಯಿಯ ಬೇಟೆಯ ನಡೆ ಒಂದರ ಹಿಂದೊಂದು ಬರುವ ಹಂತಗಳಲ್ಲಿ ಸಾಗುತ್ತದೆ: ಗುರಿ ಹಿಡಿದು ನೋಡುವುದು, ಮೆಲ್ಲಗೆ ಹತ್ತಿರವಾಗುವುದು, ಅಟ್ಟಿಸಿಕೊಂಡು ಹೋಗುವುದು, ಕಚ್ಚಿ ಹಿಡಿಯುವುದು, ಝಾಡಿಸಿ ಕೊಲ್ಲುವುದು. ಮನುಷ್ಯ ಸಾವಿರಾರು ವರ್ಷ ತಳಿ ಆಯ್ದು ಕೆಲವು ನಾಯಿಗಳಲ್ಲಿ ಈ ಹಂತಗಳಲ್ಲಿ ಕೆಲವನ್ನು ಮಂಕಾಗಿಸಿದ, ಇನ್ನು ಕೆಲವು ನಾಯಿಗಳಲ್ಲಿ ಚೂಪುಗೊಳಿಸಿದ. ಸಣ್ಣದೊಂದು ಜೀವ ಸರ್ರನೆ ಓಡಿದಾಗ ಈ ಸರಪಳಿ ನಾಯಿಗೇ ಗೊತ್ತಿಲ್ಲದಂತೆ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಕೋಪವಿಲ್ಲ, ಕೆಟ್ಟತನವಿಲ್ಲ. ಹಾಗಾಗಿಯೇ ಗದರಿಸಿ, ಬುದ್ಧಿ ಹೇಳಿ ಅದನ್ನು ಅಳಿಸಿಹಾಕಲು ಬರುವುದಿಲ್ಲ.

ಇದು ಎಷ್ಟು ಬೇಗ ಮುಗಿಯುತ್ತದೆ ಎಂಬುದಕ್ಕೆ ಹಳೆಯ ಲಂಡನ್ನಿನ ಒಂದು ಕ್ರೂರ ದಾಖಲೆಯಿದೆ. 1823ರಲ್ಲಿ ಬಿಲ್ಲಿ ಎಂಬ ನಾಯಿ, ಜೂಜಿನ ಕಟ್ಟೆಯೊಳಗೆ ಬಿಟ್ಟ 100 ಇಲಿಗಳನ್ನು ಐದೂವರೆ ನಿಮಿಷದಲ್ಲಿ ಕೊಂದಿತು. ಒಂದಕ್ಕೆ ನಾಲ್ಕು ಸೆಕೆಂಡೂ ಆಗಲಿಲ್ಲ. ಟೆರಿಯರ್ ಜಾತಿಯ ನಾಯಿಗಳನ್ನು ತಲೆಮಾರುಗಟ್ಟಲೆ ಬೆಳೆಸಿದ್ದೇ ಇಂಥ ಕೆಲಸಕ್ಕೆ.

ನಮ್ಮ ಸೀಮೆಯ ಹೆಮ್ಮೆ ಮುಧೋಳ ನಾಯಿಯದು ಇನ್ನೊಂದು ಬಗೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಪೋಷಿಸಿದ, ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋದ, 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಈ ತಳಿ ಮೂಗಿಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುತ್ತದೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದರ ತಳಿ ಕಾಪಾಡುತ್ತಿದೆ. ಬಯಲಿನಲ್ಲಿ ಮೊಲದ ಬೆನ್ನು ಹತ್ತಲು ಹುಟ್ಟಿದ ನಾಯಿಗೆ ದೂರದ ಸಣ್ಣ ಚಲನೆಯೂ ಕರೆಯೇ. ಪಂಜರದಲ್ಲಿ ಸುಮ್ಮನೆ ಮಲಗಿದ ಇಲಿಯನ್ನು ವಾರಗಟ್ಟಲೆ ನೋಡಿಯೂ ನೋಡದಂತಿದ್ದ ಮುಧೋಳ ನಾಯಿ, ಅದೇ ಇಲಿ ನೆಲದ ಮೇಲೆ ಓಡಿದ ಕ್ಷಣಕ್ಕೆ ಬೇರೆಯೇ ಪ್ರಾಣಿಯಾಗಬಲ್ಲದು. ಬೀದಿಯಿಂದ ತಂದು ಸಾಕಿದ ನಾಯಿಗಳಲ್ಲಿ ಇಲಿ, ಹೆಗ್ಗಣ ಹಿಡಿದು ತಿಂದ ಅನುಭವವೇ ಇರುತ್ತದೆ. ಒಮ್ಮೆ ಇಲಿ ಕೊಂದ ನಾಯಿಯಿರುವ ಮನೆಗೆ ಸಾಕು ಇಲಿಯನ್ನು ತರದಿರುವುದೇ ಆ ಎರಡೂ ಜೀವಗಳಿಗೆ ತೋರುವ ದಯೆ.

ಉಳಿದ ಮನೆಗಳಲ್ಲಿ ನಾಯಿಯ ಸ್ವಭಾವದ ಮೇಲೆ ಭಾರ ಹಾಕದೆ ಗೋಡೆ, ಬಾಗಿಲು, ಚಿಲಕಗಳ ಮೇಲೆ ಹಾಕಬೇಕು. ಪಂಜರ ಕಬ್ಬಿಣದ್ದಿರಲಿ, ಸರಳುಗಳ ನಡುವೆ ಒಂದೂಕಾಲು ಸೆಂಟಿಮೀಟರಿಗಿಂತ ಹೆಚ್ಚು ಸಂದು ಬೇಡ. ತಳ ಗಟ್ಟಿಯಾಗಿರಬೇಕು, ಬರೀ ತಂತಿಯ ತಳದ ಮೇಲೆ ನಿಂತು ನಿಂತು ಇಲಿಯ ಅಂಗಾಲು ಹುಣ್ಣಾಗುತ್ತದೆ. ಪಂಜರವನ್ನು ಪಡಸಾಲೆಯಲ್ಲಿ ನಾಯಿಯ ಮೂಗಿನ ಮಟ್ಟದಲ್ಲಿ ಇಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಾಗಿಲು ಹಾಕಲು ಬರುವ ಕೋಣೆಯಲ್ಲಿ, ನಾಯಿ ಮುಂಗಾಲು ಎತ್ತಿ ನಿಂತರೂ ಎಟುಕದ ಎತ್ತರದಲ್ಲಿ, ಗೋಡೆಗೆ ಮೊಳೆ ಹೊಡೆದು ಬಿಗಿದಿಡಬೇಕು. ದಿನಕ್ಕೆ ಒಂದು ತಾಸಾದರೂ ಇಲಿಗಳನ್ನು ಹೊರಗೆ ಆಡಲು ಬಿಡಬೇಕು. ಆ ಹೊತ್ತಿನಲ್ಲಿ ನಾಯಿ ಮುಚ್ಚಿದ ಬಾಗಿಲಿನ ಆಚೆ ಇರಬೇಕು. ಒಂದೇ ಕೋಣೆಯಲ್ಲಿ ಸರಪಳಿ ಹಿಡಿದು ಕೂತರೆ ಸಾಲದು. ನಾಯಿಯ ಬೆನ್ನ ಮೇಲೆ ಇಲಿ ಕೂರಿಸಿ ಫೋಟೊ ತೆಗೆಯುವ ಆಸೆ ಹಲವರಿಗಿದೆ. ಫೋಟೊದಲ್ಲಿ ಗೆಳೆತನದಂತೆ ಕಾಣುವುದು ಎಷ್ಟೋ ಸಲ ಹೆದರಿ ಕಲ್ಲಾಗಿ ಕೂತ ಇಲಿ.

ಆ ಹೆದರಿಕೆ ಮನುಷ್ಯನಿಗೆ ಕೇಳಿಸದು ಎಂಬುದು ಈ ವಿಷಯದ ಅತ್ಯಂತ ಕುತೂಹಲದ ಸಂಗತಿ. ಇಲಿಗಳ ಮಾತಿನ ದೊಡ್ಡ ಪಾಲು ನಮ್ಮ ಕಿವಿಯ ಮಿತಿಯಾದ 20 ಕಿಲೊಹರ್ಟ್ಸ್‌ನ ಆಚೆ ನಡೆಯುತ್ತದೆ. ಆಟ, ಖುಷಿಯ ಸದ್ದು 50 ಕಿಲೊಹರ್ಟ್ಸ್‌ನ ಸುತ್ತ ಇರುತ್ತದೆ. ಕಚಗುಳಿ ಇಟ್ಟಾಗ ಇಲಿ ಈ ಸದ್ದು ಮಾಡುತ್ತದೆಂದು ಅಮೆರಿಕದ ವಿಜ್ಞಾನಿ ಯಾಕ್ ಪಾಂಕ್‌ಸೆಪ್ 1990ರ ದಶಕದಲ್ಲಿ ಕಂಡುಹಿಡಿದರು. ಅಪಾಯದ ಕೂಗು 22 ಕಿಲೊಹರ್ಟ್ಸ್‌ನ ಆಸುಪಾಸಿನದು. ನಾಯಿಯ ಕಿವಿ ಸುಮಾರು 45 ಕಿಲೊಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತದೆ. ಅಂದರೆ ಇಲಿ ಹೆದರಿ ಕೂಗಿದ್ದು ಮನೆಯಲ್ಲಿ ನಾಯಿಗೆ ಕೇಳುತ್ತದೆ, ಇಲಿಯನ್ನು ಕಾಯಬೇಕಾದ ಯಜಮಾನನಿಗೆ ಕೇಳುವುದಿಲ್ಲ. ಆದ್ದರಿಂದ ಅವನು ಕಣ್ಣಿನಿಂದಲೇ ಗುರುತಿಸಬೇಕು: ಮೂಲೆಗೆ ಒತ್ತಿಕೊಂಡು ಕೂರುವುದು, ಉಣ್ಣದಿರುವುದು, ಕಣ್ಣು ಮೂಗಿನ ಸುತ್ತ ಕೆಂಪು ನೀರು ಒಣಗಿರುವುದು. ಆ ಕೆಂಪು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ಬಣ್ಣ. ದಣಿವು, ಭಯ, ಉಸಿರಿನ ಕಾಯಿಲೆ ಇವುಗಳಲ್ಲಿ ಅದು ಹೆಚ್ಚಾಗುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಸಾಕುವಂಥದ್ದು ಇಲಿಯಲ್ಲಿ ಏನಿದೆ ಎಂದು ಯಾರಾದರೂ ಕೇಳಬಹುದು. 2019ರಲ್ಲಿ ಬರ್ಲಿನ್ನಿನ ಸಂಶೋಧಕರು ಇಲಿಗಳಿಗೆ ಕಣ್ಣಾಮುಚ್ಚಾಲೆ ಕಲಿಸಿದರು. ತಿಂಡಿಯ ಆಸೆ ತೋರಿಸದೆ, ಬರೀ ಕಚಗುಳಿ ಮತ್ತು ಆಟದ ಸಂತೋಷಕ್ಕೆ ಅವು ಹುಡುಕಿದವು, ಅಡಗಿದವು. ಅಡಗಿದಾಗ ಸದ್ದು ಮಾಡದೆ ಇದ್ದವು. 2011ರ ಇನ್ನೊಂದು ಅಧ್ಯಯನದಲ್ಲಿ, ಕೊಳವೆಯಲ್ಲಿ ಸಿಕ್ಕಿಬಿದ್ದ ಜೊತೆಗಾರನನ್ನು ಬಿಡಿಸಲು ಇಲಿಗಳು ತಾವಾಗಿ ಬಾಗಿಲು ತೆರೆಯಲು ಕಲಿತವು. ಇಂಥ ಜೀವಿಯನ್ನು ಒಂಟಿಯಾಗಿ ಇಡುವುದು ಅನ್ಯಾಯ. ಎರಡು ಹೆಣ್ಣು ಅಥವಾ ಎರಡು ಗಂಡು ಜೊತೆಗಿರಲಿ. ಗಂಡು ಹೆಣ್ಣು ಕೂಡಿದರೆ ಮೂರೇ ವಾರಕ್ಕೆ ಮರಿಗಳು. ಇಷ್ಟಾಗಿ ಅವುಗಳ ಆಯುಸ್ಸು ಎರಡರಿಂದ ಮೂರು ವರ್ಷ ಮಾತ್ರ; ಮನೆಯ ಮಕ್ಕಳಿಗೆ ಅದನ್ನು ಮೊದಲೇ ತಿಳಿಸಿರಬೇಕು.

ಹುಬ್ಬಳ್ಳಿ-ಧಾರವಾಡದ ಹವೆ, ಊಟ ಎರಡೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಏಪ್ರಿಲ್ ಬಿಸಿಲು 37 ಡಿಗ್ರಿ ಮುಟ್ಟುವ ಊರಿನಲ್ಲಿ ಇಲಿಗೆ 30 ದಾಟಿದರೇ ಸಂಕಟ. ಅದು ಬೆವರಿ ತಣಿಯಲಾರದು, ಮೈಯ ಬಿಸಿಯ ಒಂದು ಪಾಲನ್ನು ಬಾಲದಿಂದ ಹೊರಹಾಕುತ್ತದೆ. ಪತ್ರಾಸಿನ ಮಾಡಿನ ಕೋಣೆ ಅದಕ್ಕೆ ಸಲ್ಲದು. ಜೋಳದ ರೊಟ್ಟಿಯ ಚೂರು, ಬೆಂದ ಬೇಳೆ, ಸೌತೆಕಾಯಿ, ತುಸು ಮೊಟ್ಟೆ ಎಲ್ಲವೂ ಒಗ್ಗುತ್ತವೆ. ಶೇಂಗಾದ ವಿಷಯದಲ್ಲಿ ಮಾತ್ರ ಎಚ್ಚರ. ಬೂಸಲು ಹಿಡಿದ ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ತರುವ ತೀಕ್ಷ್ಣ ವಿಷ. ತಿಂದದ್ದನ್ನು ವಾಂತಿ ಮಾಡಿ ಕಾರುವ ಶಕ್ತಿಯೂ ಇಲಿಗಿಲ್ಲ.

ವಾಂತಿ ಮಾಡಲಾರದ ಈ ಗುಣವೇ ಇಲಿ ಪಾಷಾಣದ ಬಲ. ಸಾಕು ಇಲಿ, ನಾಯಿ ಎರಡೂ ಇರುವ ಮನೆಯಲ್ಲಿ ಆ ಪಾಷಾಣ ಹೊಸ್ತಿಲು ದಾಟಬಾರದು. ಬ್ರೊಮಾಡಿಯೊಲೋನ್‌ನಂಥ ವಿಷ ತಿಂದು ಸಾಯುತ್ತಿರುವ ಇಲಿಯನ್ನು ನಾಯಿ ತಿಂದರೆ ನಾಯಿಯ ರಕ್ತವೂ ಹೆಪ್ಪುಗಟ್ಟದೆ ಒಳಗೇ ಸೋರತೊಡಗಬಹುದು. ಬೇಗ ಗೊತ್ತಾದರೆ ಕೆ1 ವಿಟಮಿನ್ ಕೊಟ್ಟು ಉಳಿಸಬಹುದು. ಹಳದಿ ರಂಜಕದ ಪೇಸ್ಟಿಗೆ ಮದ್ದೇ ಇಲ್ಲ. ಹೊರಗಿನ ಇಲಿಗಳನ್ನು ದೂರವಿಡಲು ರಾತ್ರಿ ಪಂಜರದ ಉಳಿಕೆ ಕಾಳು ತೆಗೆದಿಡುವುದು, ಬಚ್ಚಲ ಕಿಂಡಿಗೆ ಜಾಳಿಗೆ ಬಡಿಯುವುದು, ಬೋನು ಇಡುವುದು ಒಳ್ಳೆಯ ದಾರಿಗಳು. ಮಳೆಗಾಲದಲ್ಲಿ ಹೊರಗಿನ ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಸಾಕು ಇಲಿಗೂ ನಾಯಿಗೂ ಮನುಷ್ಯರಿಗೂ ತಗಲುತ್ತದೆ. ನಾಯಿಗೆ ಪ್ರತಿವರ್ಷ ಹಾಕಿಸುವ ಲಸಿಕೆಯಲ್ಲಿ ಇದರ ಲಸಿಕೆಯೂ ಸೇರಿದೆಯೇ ಎಂದು ಪಶುವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು. ಮನುಷ್ಯರಿಗೆ ಅಂಥ ಸಾಮಾನ್ಯ ಲಸಿಕೆ ನಮ್ಮಲ್ಲಿ ಬಳಕೆಯಲ್ಲಿಲ್ಲ. ಸಾಬೂನು ಹಚ್ಚಿ ಕೈ ತೊಳೆಯುವುದೇ ಕಾವಲು.

ಎಲ್ಲ ಎಚ್ಚರದ ನಡುವೆಯೂ ಒಂದು ದಿನ ಬಾಗಿಲು ತೆರೆದೇ ಉಳಿಯಬಹುದು. ನಾಯಿ ಇಲಿಯನ್ನು ಬಾಯಲ್ಲಿ ಹಿಡಿದು ಬಿಟ್ಟರೆ, ಮೈಮೇಲೆ ಗಾಯ ಕಾಣದಿದ್ದರೂ ಒಳಗೆ ಎಲುಬು ಮುರಿದಿರಬಹುದು, ರಕ್ತ ಸೋರುತ್ತಿರಬಹುದು. ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು ಬೆಚ್ಚಗೆ, ಕತ್ತಲಲ್ಲಿ ಒಯ್ಯಬೇಕು. ಇಲಿಯನ್ನು ನೋಡುವ ಪಶುವೈದ್ಯರು ಊರಿನಲ್ಲಿ ಯಾರಿದ್ದಾರೆ ಎಂದು ಇಲಿ ತರುವ ಮೊದಲೇ ವಿಚಾರಿಸಿ ಇಟ್ಟುಕೊಂಡಿರಬೇಕು. ಬಿಡಿಸಲು ಹೋದವರಿಗೆ ಇಲಿ ಕಚ್ಚುವುದೂ ಉಂಟು. ಮೂರರಿಂದ ಹತ್ತು ದಿನದೊಳಗೆ, ಒಮ್ಮೊಮ್ಮೆ ಇನ್ನೂ ತಡವಾಗಿ, ಚಳಿಜ್ವರ, ಕೀಲುನೋವು, ಮೈಮೇಲೆ ಗಂದೆ ಕಾಣಿಸಿದರೆ ಅದು ಇಲಿಕಚ್ಚಿನ ಜ್ವರ ಇರಬಹುದು. ಪೆನಿಸಿಲಿನ್‌ನಿಂದ ಅದು ವಾಸಿಯಾಗುತ್ತದೆ. ಆದರೆ ಮಳೆಗಾಲದ ನೂರು ಜ್ವರಗಳ ನಡುವೆ ವೈದ್ಯರಿಗೆ ಅದರ ನೆನಪಾಗಬೇಕಾದರೆ, ಮನೆಯಲ್ಲಿ ಇಲಿ ಸಾಕಿದ್ದೇವೆ ಎಂದು ರೋಗಿ ನಾಚಿಕೊಳ್ಳದೆ ಮೊದಲೇ ಹೇಳಬೇಕು.