ಹಲ್ಲಿನ ಅಂಟು: ಅಂಕಿಯ ಹಿಂದಿರುವ ಪರೀಕ್ಷೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವ್ಯಾಪಾರವೆಂದರೆ ಅಡಿಕೆ, ಕಾಫಿ, ಕಾಳುಮೆಣಸು ಎಂಬುದು ರೂಢಿಯ ಮಾತು. ಆದರೆ ದಂತ ಚಿಕಿತ್ಸಾಲಯಗಳಿಗೆ ಬೇಕಾಗುವ ಸಾಮಗ್ರಿಯೂ ಮಲೆನಾಡಿನ ಪೇಟೆಗಳಿಗೆ ಬರುವ ಸರಕೇ ಆಗಿದೆ. ಅದರಲ್ಲಿ ಗಾತ್ರಕ್ಕೆ ಹೋಲಿಸಿದರೆ ದುಬಾರಿಯಾದವುಗಳಲ್ಲಿ ಒಂದು, ಹುಳುಕು ತುಂಬುವ ವಸ್ತುವನ್ನು ಹಲ್ಲಿಗೆ ಹಿಡಿದಿಡುವ ಅಂಟು. ಇದರ ವಿವರಪತ್ರಿಕೆಯಲ್ಲಿ 'ಬಂಧಬಲ ಇಷ್ಟು ಮೆಗಾಪಾಸ್ಕಲ್' ಎಂದು ಮುದ್ರಿತವಾಗಿರುತ್ತದೆ. ಖರೀದಿದಾರರು ಈ ಅಂಕಿಯನ್ನು ನೋಡಿ ಬೆಲೆ ಒಪ್ಪುವುದುಂಟು. ಅಂಕಿ ಎಲ್ಲಿಂದ ಬಂತೆಂದು ವಿಚಾರಿಸುವವರು ವಿರಳ.

ಅಮೆರಿಕದ ಮೈಕೆಲ್ ಬ್ಯುನೊಕೋರ್ 1955ರಲ್ಲಿ ಫಾಸ್ಫಾರಿಕ್ ಆಮ್ಲದಿಂದ ಎನಾಮೆಲ್ ಪದರವನ್ನು ಒರಟುಗೊಳಿಸಿ ಅದಕ್ಕೆ ರಾಳವನ್ನು ಅಂಟಿಸಿ ತೋರಿಸಿದರು. ಈ ವಿದ್ಯೆಯ ಮೂಲ ಅಲ್ಲಿದೆ. ಪರೀಕ್ಷೆಯ ಕ್ರಮ ಹೀಗಿದೆ: ದಂತಪಂಕ್ತಿ ಸರಿಪಡಿಸಲು ಕಿತ್ತ ಹಲ್ಲುಗಳನ್ನು ಸಂಗ್ರಹಿಸಿ, ಮೇಲ್ಮೈಯನ್ನು ಸಮತಟ್ಟಾಗಿ ಉಜ್ಜಿ, ಅಂಟಿನ ಮೇಲೆ ರಾಳದ ಚಿಕ್ಕ ಕಂಬವನ್ನು ನಿಲ್ಲಿಸುತ್ತಾರೆ. 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 24 ಗಂಟೆ ಇಟ್ಟ ನಂತರ ಯಂತ್ರದಲ್ಲಿ ಅದನ್ನು ಅಡ್ಡಲಾಗಿ ತಳ್ಳಿ ಮುರಿಯುತ್ತಾರೆ. ಒಂದು ಮೆಗಾಪಾಸ್ಕಲ್ ಎಂದರೆ ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಬಲ. 3 ಮಿ.ಮೀ. ವ್ಯಾಸದ ಕಂಬ 20 ಮೆಗಾಪಾಸ್ಕಲ್‌ಗೆ ಮುರಿದರೆ ಅದು ತಡೆದದ್ದು ಸುಮಾರು 14 ಕಿಲೋ ಭಾರವನ್ನು. ಕರ್ನಾಟಕದ ದಂತವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಇದು ಚಿರಪರಿಚಿತ ವಿಷಯ. ಆಗುಂಬೆ ಘಾಟಿ ಇಳಿದರೆ ಸಿಗುವ ಮಣಿಪಾಲದ ಕಾಲೇಜು 1965ರಿಂದ ನಡೆಯುತ್ತಿದೆ.

ಆದರೆ ಮೊದಲ ದಿನದ ಬಲವೇ ಬೇರೆ, ಬಾಳಿಕೆಯೇ ಬೇರೆ. ಬಾಯಿಯಲ್ಲಿ ಬಿಸಿ ಕಾಫಿಯ ಹಿಂದೆಯೇ ತಣ್ಣೀರು ಬರುತ್ತದೆ. ಗಟ್ಟಿ ಅಡಿಕೆಯೂ ಬರುತ್ತದೆ. ಆದ್ದರಿಂದ ಐಎಸ್‌ಒ 11405 ದಾಖಲೆಯು ಮಾದರಿಗಳನ್ನು 5 ಮತ್ತು 55 ಡಿಗ್ರಿಗಳ ನೀರಿನಲ್ಲಿ 500 ಸಲ ಅದ್ದಿ ತೆಗೆಯುವ ಕ್ರಮವನ್ನೂ ಸೂಚಿಸಿದೆ. ಎನಾಮೆಲ್‌ಗೆ ಚೆನ್ನಾಗಿ ಹಿಡಿಯುವ ಅಂಟು, ಒಳಗಿನ ತೇವಭರಿತ ಡೆಂಟಿನ್ ಪದರದಲ್ಲಿ ಕಾಲಕ್ರಮೇಣ ಸಡಿಲವಾಗಬಹುದು. ಒಂದೇ ಅಂಟಿನ ಮಾದರಿಗಳ ನಡುವೆಯೂ ಫಲಿತಾಂಶ ಬಹಳಷ್ಟು ಏರುಪೇರಾಗುತ್ತದೆ. ಮೂಟೆಯ ಮೇಲಿನ ಹಿಡಿ ಅಡಿಕೆ ನೋಡಿ ರಾಶಿಗೆ ದರ ಕಟ್ಟದ ವರ್ತಕನು ಇಲ್ಲಿ ಮಾತ್ರ ಬರಿಯ ಸರಾಸರಿಗೆ ಮರುಳಾಗುವುದು ಸೋಜಿಗವೇ ಸರಿ. ಎಷ್ಟು ಮಾದರಿ, ಯಾವ ಪದರ, ಎಷ್ಟು ಕಾಲದ ನಂತರ ಎಂಬ ಮೂರು ವಿವರಗಳಿಲ್ಲದ ಅಂಕಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಎರಡು ಕಂಪನಿಗಳ ಅಂಕಿಗಳು ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಿಂದ ಬಂದಿರದಿದ್ದರೆ ಅವುಗಳನ್ನು ಹೋಲಿಸುವುದೂ ವ್ಯರ್ಥ.

ಪ್ರಯೋಗಾಲಯದ ಬಲವನ್ನು ದಾಸ್ತಾನು ಕೋಣೆಯೇ ಕೆಡಿಸಬಲ್ಲದು. ಈ ಅಂಟುಗಳಲ್ಲಿ ಹಲವು ಅಸಿಟೋನ್ ಅಥವಾ ಆಲ್ಕೋಹಾಲ್‌ನಲ್ಲಿ ಕರಗಿದವು. ಮುಚ್ಚಳ ಸಡಿಲವಿದ್ದರೆ ದ್ರಾವಕ ಆರಿಹೋಗಿ ಉಳಿದದ್ದು ಮಂದವಾಗುತ್ತದೆ. ಕೆಲವಕ್ಕೆ ಶೀತಕಪೆಟ್ಟಿಗೆ ಕಡ್ಡಾಯ. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಹೀಗೆ ಕೆಟ್ಟ ಅಂಟು ಸೀಸೆಯಲ್ಲಿ ಕೆಟ್ಟಂತೆ ಕಾಣದೆಯೂ ಇರಬಹುದು. ಕೆಲವು ತಿಂಗಳ ನಂತರ ತುಂಬಿದ್ದು ಉದುರಿದಾಗ ರೋಗಿ ವೈದ್ಯರನ್ನು, ವೈದ್ಯರು ವರ್ತಕರನ್ನು ಕೇಳುತ್ತಾರೆ.

ಲೆಕ್ಕಪತ್ರದ ವಿಚಾರ ಸಂಕ್ಷಿಪ್ತವಾದದ್ದು. ಹಲ್ಲಿನ ಸಿಮೆಂಟು ಹಾಗೂ ತುಂಬುವ ವಸ್ತುಗಳು ಸುಂಕ ಶೀರ್ಷಿಕೆ 3006ಕ್ಕೆ, ಕಟ್ಟುಹಲ್ಲು ನಿಲ್ಲಿಸುವ ಪೇಸ್ಟ್ ಮತ್ತು ಪುಡಿ 3306ಕ್ಕೆ, ಸಾಮಾನ್ಯ ಅಂಟುಗಳು 3506ಕ್ಕೆ ಸೇರುತ್ತವೆ. ಬಿಲ್ಲಿನಲ್ಲಿ ಬರಿದೇ 'ಅಂಟು' ಎಂದು ನಮೂದಿಸುವುದು ತರವಲ್ಲ. ವೈದ್ಯಕೀಯ ಸಾಧನಗಳ ನಿಯಮಗಳು, 2017ಕ್ಕೆ 2022ರಲ್ಲಿ ಆದ ತಿದ್ದುಪಡಿಯು ಮಾರಾಟಗಾರರಿಗೆ ಎಂಡಿ-42 ನಮೂನೆಯ ನೋಂದಣಿಯನ್ನು ತಂದಿದೆ. ಔಷಧ ಮಾರಾಟದ ಪರವಾನಗಿ ಇಲ್ಲದೆ ಈ ಸರಕನ್ನು ಇಟ್ಟಿರುವವರು ಇದನ್ನು ಕೂಡಲೇ ಪರಿಶೀಲಿಸಬೇಕು. ಖರೀದಿ ಬಿಲ್ಲಿನಲ್ಲಿ ತಂಡದ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳನ್ನು ಬರೆಸಿಕೊಂಡರೆ, ದೂರು ಬಂದ ದಿನ ಸೀಸೆಯನ್ನು ತಯಾರಕರಿಗೆ ಹಿಂತಿರುಗಿಸಲು ಆಧಾರವಿರುತ್ತದೆ.