ನಿಮಗಿದು ಗೊತ್ತೇ? ಕಲ್ಯಾಣದ ಡಾಕ್ಟರು, ಡೊಂಬಿವಲಿಯ ಸೀಟು

ಅಮೆರಿಕದಲ್ಲಿ ವೈದ್ಯಕೀಯ ಓದಿ ಎಂ.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಆನಂದಿಬಾಯಿ ಜೋಶಿ ಹುಟ್ಟಿದ್ದು 1865ರಲ್ಲಿ, ಕಲ್ಯಾಣದಲ್ಲಿ. (ಬಸವಣ್ಣನವರ ಕಲ್ಯಾಣವಲ್ಲ, ಮುಂಬಯಿ ಲೋಕಲ್ ರೈಲಿನ ಕಲ್ಯಾಣ.) ಹದಿನಾಲ್ಕಕ್ಕೇ ತಾಯಿಯಾದಳು, ಸರಿಯಾದ ಚಿಕಿತ್ಸೆ ಸಿಗದೆ ಕೂಸು ಹತ್ತೇ ದಿನಕ್ಕೆ ಹೋಯಿತು. ಡಾಕ್ಟರಾಗುವ ಹಟ ಹುಟ್ಟಿದ್ದು ಅಲ್ಲಿಂದ. 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಪದವಿ ಕೈಗೆ ಬಂದಾಗ ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಣ್ಣುಮಕ್ಕಳ ವಾರ್ಡು ಆಕೆಗಾಗಿ ಕಾದಿತ್ತು. ಕೆಲಸ ಶುರುವಾಗುವ ಮೊದಲೇ, 22 ತುಂಬುವ ಮೊದಲೇ, ಕ್ಷಯ ಬಲಿ ತೆಗೆದುಕೊಂಡಿತು.

ಆಕೆಯ ಊರಿನ ಹತ್ತಿರ ರಾಜ್ಯ ಸರ್ಕಾರದ ಮೆಡಿಕಲ್ ಕಾಲೇಜು ಬಂದದ್ದು ಯಾವಾಗ ಗೊತ್ತೇ? 2024ರಲ್ಲಿ! ಕಲ್ಯಾಣ ದಾಟಿದರೆ ಮೂರನೇ ಸ್ಟೇಷನ್ ಅಂಬರನಾಥ. ಅಲ್ಲಿ 100 ಸೀಟು. ಆ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಒಂದೇ ದಿನ 10 ಕಾಲೇಜುಗಳು ಉದ್ಘಾಟನೆಯಾದವು. ಕಟ್ಟಡ ಕಟ್ಟಬಹುದು, ಮೇಷ್ಟ್ರು?

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಎಂಬಿಬಿಎಸ್ ಮೊದಲ ವರ್ಷಕ್ಕೆ ಬೇಕಾದವರು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದಿದವರು. ಪಿಜಿ ಕೌನ್ಸೆಲಿಂಗ್‌ನಲ್ಲಿ ರೇಡಿಯಾಲಜಿ, ಚರ್ಮರೋಗಕ್ಕೆ ಮುಗಿಬೀಳುವ ಹುಡುಗರು ಅತ್ತ ತಲೆಹಾಕುವುದಿಲ್ಲ. ಖಾಲಿ ಸೀಟು ತುಂಬಲು 2023ರಲ್ಲಿ ನೀಟ್-ಪಿಜಿ ಅರ್ಹತೆಯನ್ನು ಸೊನ್ನೆ ಪರ್ಸೆಂಟೈಲ್‌ಗೇ ಇಳಿಸಿದರು.

ಠಾಣೆಯ ಪಕ್ಕದ ಕಳವಾದಲ್ಲಿ 1992ರಿಂದ ಇರುವ ರಾಜೀವ್ ಗಾಂಧಿ ಮೆಡಿಕಲ್ ಕಾಲೇಜು ನಡೆಸುವುದು ಮಹಾನಗರಪಾಲಿಕೆ. ಕಸ ಎತ್ತುವವರೂ ಅವರೇ, ಡಾಕ್ಟರು ತಯಾರಿಸುವವರೂ ಅವರೇ. ನವಿ ಮುಂಬಯಿ ಕಡೆ ಕತೆ ಬೇರೆ: ನೆರೂಳದ ಡಿ.ವೈ. ಪಾಟೀಲ, ಕಾಮೋಠೆಯ ಎಂಜಿಎಂ ಎರಡೂ ಡೀಮ್ಡ್. ಸೀಟು ಇಡೀ ದೇಶಕ್ಕೆ ತೆರೆದಿದೆ, ಫೀಸು ಕೇಳಿದರೆ ಎದೆ ಝಲ್ಲೆನ್ನುತ್ತದೆ.

ಮಹಾರಾಷ್ಟ್ರದಲ್ಲಿ ಸರ್ಕಾರಿ ಅಥವಾ ಪಾಲಿಕೆಯ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು. ಹಳ್ಳಿಗೆ ಡಾಕ್ಟರು ಬೇಕೆಂದರೆ ಸರ್ಕಾರದ ಕೈಗೆ ಸಿಗುವವರು, ಹಾಗಾದರೆ, ಕಡಿಮೆ ಫೀಸಿನವರೇ.

ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟ 1946ರ ಭೋರ್ ಸಮಿತಿಯ ಕಾಲಕ್ಕೆ ದೇಶದ ನೋಂದಾಯಿತ ಡಾಕ್ಟರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂಬಿಬಿಎಸ್ ಅಲ್ಲ, ಕಡಿಮೆ ಅವಧಿಯ ಕೋರ್ಸಿನ ಲೈಸೆನ್ಷಿಯೇಟುಗಳು. ಅದು ಬೇಡವೆಂದಿತು ಸಮಿತಿ. 2014ರಲ್ಲಿ ಮಹಾರಾಷ್ಟ್ರವೇ ಕಾನೂನು ತಿದ್ದಿ, ಒಂದು ವರ್ಷದ ಔಷಧಶಾಸ್ತ್ರ ಕೋರ್ಸು ಮುಗಿಸಿದ ಹೋಮಿಯೋಪತಿ ಡಾಕ್ಟರು ಅಲೋಪತಿ ಔಷಧ ಬರೆಯಲು ದಾರಿ ಮಾಡಿತು. ಮುಂಬಾಗಿಲಲ್ಲಿ ಕಳಿಸಿದ್ದು ಹಿತ್ತಿಲಿಂದ ಬಂತು, ಅಷ್ಟೆ.

ಕೊನೆಯದು ಡೊಂಬಿವಲಿ, ಠಾಣೆಯ ನಮ್ಮ ತುಳು-ಕನ್ನಡ ಮನೆಗಳಿಗೆ. ಹತ್ತನೇ ತರಗತಿ ಇಲ್ಲಿ ಮುಗಿಸಿದ ಮಗಳನ್ನು ಪಿಯುಸಿಗೆಂದು ಅಜ್ಜಿಮನೆ ಕಡೆ, ಮೂಡುಬಿದಿರೆಗೋ ಮಂಗಳೂರಿಗೋ ಕಳಿಸುತ್ತೀರಾ? ತಡೆಯಿರಿ. ಮಹಾರಾಷ್ಟ್ರದ ಶೇಕಡಾ 85ರ ರಾಜ್ಯ ಕೋಟಾಕ್ಕೆ ಸಾಮಾನ್ಯವಾಗಿ ಹತ್ತು, ಹನ್ನೆರಡು ಎರಡೂ ಇದೇ ರಾಜ್ಯದಲ್ಲಿ ಆಗಿರಬೇಕು. ಕರ್ನಾಟಕದ ಸಾಮಾನ್ಯ ನಿಯಮ ಅಲ್ಲಿ ಕನಿಷ್ಠ 7 ವರ್ಷ ಓದಿರಬೇಕೆನ್ನುತ್ತದೆ. ಅಪ್ಪನೋ ಅಮ್ಮನೋ ಊರಲ್ಲೇ ಓದಿದವರಾದರೆ ಬೇರೆ ವಿಧಿಗಳಿವೆ. ಅವರ ಹಳೆಯ ಶಾಲಾ ದಾಖಲೆಗಳನ್ನು ಟ್ರಂಕಿನಿಂದ ಈಗಲೇ ಹೊರಗೆ ತೆಗೆದಿಡಿ.