ಮಕ್ಕಳೇ ನಡೆಸುವ ನ್ಯಾಯವೃತ್ತ: ಆಲೋಚನೆಯ ಹತ್ತು ದೋಷಗಳು ಕಲಿಸುವುದೇನು?

ಮಾಘ, ಫಾಲ್ಗುಣ ಬಂತೆಂದರೆ ಸಕಲೇಶಪುರ, ಆಲೂರು ಕಡೆಯ ಕಣಗಳಲ್ಲಿ ಮೆಣಸು ಒಣಗುತ್ತಿರುತ್ತದೆ. ಬೆಲೆ ಏರಿದ ವರ್ಷ ಕಳವಿನ ಭಯವೂ ಏರುತ್ತದೆ. ಒಂದು ಪ್ರಸಂಗ ಇಟ್ಟುಕೊಳ್ಳೋಣ. ಇದು ಕಲ್ಪಿತ, ಆದರೆ ಮಲೆನಾಡಿನವರಿಗೆ ಅಪರಿಚಿತವಲ್ಲ. ಹದಿನಾರು ವರ್ಷದ ಇಬ್ಬರು ಹುಡುಗರು ನೆರೆಯ ಬೆಳೆಗಾರರ ಕಣದಿಂದ ಅರ್ಧ ಮೂಟೆ ಮೆಣಸು ಎತ್ತಿ ಪೇಟೆಯಲ್ಲಿ ಮಾರುತ್ತಾರೆ. ಸಂಶಯ ಮೊದಲು ಹೋಗುವುದು ಲೈನ್ ಮನೆಯ ಕೂಲಿಯವನ ಮೇಲೆ. ಆತನನ್ನು ಕೆಲಸದಿಂದ ಬಿಡಿಸುತ್ತಾರೆ. ವಾರದ ಮೇಲೆ ನಿಜ ಹೊರಬೀಳುತ್ತದೆ. ಹುಡುಗರಲ್ಲೊಬ್ಬ ಶ್ರಾವಕರ ಮನೆಯವನು.

ಇಂಥಲ್ಲಿ ಸಾಮಾನ್ಯವಾಗಿ ಆಗುವುದು ಎರಡರಲ್ಲಿ ಒಂದು. ಠಾಣೆಗೆ ದೂರು ಹೋಗುತ್ತದೆ, ಇಲ್ಲವೇ ಹಿರಿಯರು ಕೂತು ಮೆಣಸಿನ ಬೆಲೆ ಕೊಡಿಸಿ ಮುಚ್ಚಿಹಾಕುತ್ತಾರೆ. ಎರಡರಲ್ಲೂ ಕೂಲಿಯವನ ಮಾತು ಕೇಳುವವರಿಲ್ಲ. ಹುಡುಗರೂ ಬಾಯಿ ಬಿಡಬೇಕಾಗಿಲ್ಲ, ಅಪ್ಪನ ಕಿಸೆ ಮಾತಾಡುತ್ತದೆ.

ಪುನಃಸ್ಥಾಪನಾ ನ್ಯಾಯ ಮೂರನೆಯ ದಾರಿ. ಯಾವ ಕಲಮು ಮುರಿಯಿತು ಎಂದು ಕೇಳುವುದಕ್ಕಿಂತ ಯಾರಿಗೆ ನೋವಾಯಿತು, ಅದನ್ನು ಯಾರು ಹೇಗೆ ಸರಿಪಡಿಸಬೇಕು ಎಂದು ಅದು ಕೇಳುತ್ತದೆ. ನ್ಯೂಜಿಲೆಂಡ್ 1989ರಲ್ಲೇ ಬಾಲಾಪರಾಧ ಪ್ರಕರಣಗಳಿಗೆ ಕುಟುಂಬ ಸಭೆಯನ್ನು ಕಾನೂನಿನೊಳಗೆ ತಂದಿತು. ಅಮೆರಿಕದಲ್ಲಿ ಸಣ್ಣ ತಪ್ಪು ಮಾಡಿದ ಮಕ್ಕಳ ವಿಷಯವನ್ನು ಅವರದೇ ವಯಸ್ಸಿನವರು ಕೇಳುವ ಯುವ ನ್ಯಾಯಾಲಯಗಳಿವೆ.

ನಮ್ಮಲ್ಲಿ ಅಂಥ ನ್ಯಾಯಾಲಯಕ್ಕೆ ಕಾನೂನಿನ ಅಧಿಕಾರವಿಲ್ಲ, ಇದನ್ನು ಮೊದಲೇ ತಿಳಿದಿರಬೇಕು. ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಸೇರಿದ್ದು. ಆದರೆ 2015ರ ಬಾಲ ನ್ಯಾಯ ಕಾಯ್ದೆಯ ಮನಸ್ಸೂ ಇದೇ ಕಡೆಗಿದೆ. ಮಗುವಿನ ಹಿತಕ್ಕೆ ಅಗತ್ಯವಿಲ್ಲದಿದ್ದರೆ ನ್ಯಾಯಾಂಗ ಕ್ರಮವಿಲ್ಲದೆಯೇ ವಿಷಯ ನಿಭಾಯಿಸಬೇಕೆಂಬುದು ಅದರ ಮೂಲತತ್ವಗಳಲ್ಲೊಂದು. ಮಂಡಳಿಯು ಬುದ್ಧಿವಾದ ಹೇಳಿ ಮನೆಗೆ ಕಳಿಸಬಹುದು, ಗುಂಪು ಸಮಾಲೋಚನೆಗೆ ಅಥವಾ ಸಮುದಾಯ ಸೇವೆಗೆ ಹಚ್ಚಬಹುದು. ಬಸದಿಯ ಪಾಠಶಾಲೆಯಲ್ಲೋ ಶಾಲೆಯಲ್ಲೋ ನಡೆಯುವ ವೃತ್ತ ಇದಕ್ಕೆ ಪೂರಕ ಮಾತ್ರ. 'ದೂರು ಕೊಡುವುದಿಲ್ಲ' ಎಂದು ಯಾರಿಂದಲೂ ಬರೆಸಿಕೊಳ್ಳುವಂತಿಲ್ಲ. ಲೈಂಗಿಕ ದೌರ್ಜನ್ಯದ ವಿಷಯ ವೃತ್ತದೊಳಗೆ ಬರಲೇಬಾರದು. ಪೋಕ್ಸೋ ಕಾಯ್ದೆಯಡಿ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ.

ಇನ್ನು ವೃತ್ತ ನಡೆಸುವ ಬಗೆ. ಇಲ್ಲಿ ಜೈನರ ಕೈಯಲ್ಲಿ ಒಂದು ಹಳೆಯ ಸಾಧನವಿದೆ. ತತ್ತ್ವಾರ್ಥ ಸೂತ್ರದ ಒಂಬತ್ತನೆಯ ಅಧ್ಯಾಯ ಪ್ರಾಯಶ್ಚಿತ್ತದ ಒಂಬತ್ತು ಬಗೆ ಹೇಳುವಾಗ ಮೊದಲು ಇಡುವುದು ಆಲೋಚನೆಯನ್ನು. ದಿನಬಳಕೆಯ ಕನ್ನಡದಲ್ಲಿ ಆಲೋಚನೆಯೆಂದರೆ ಯೋಚನೆ. ಶಾಸ್ತ್ರದಲ್ಲಿ ಅದು ಗುರುವಿನ ಮುಂದೆ ತನ್ನ ದೋಷವನ್ನು ಉಳಿಸದೆ ಹೇಳಿಕೊಳ್ಳುವುದು. ತಪಸ್ಸು, ಛೇದ ಎಲ್ಲ ಆಮೇಲೆ. ಶಿವಾರ್ಯರ ಭಗವತಿ ಆರಾಧನೆ ಈ ಹೇಳಿಕೊಳ್ಳುವಿಕೆಯ ಹತ್ತು ದೋಷಗಳನ್ನು ಎಣಿಸುತ್ತದೆ. ಮುನಿಗಳಿಗಾಗಿ ಹೇಳಿದ ಮಾತಾದರೂ, ಮನುಷ್ಯ ತಪ್ಪೊಪ್ಪುವಾಗ ಎಲ್ಲೆಲ್ಲಿ ಜಾರಿಕೊಳ್ಳುತ್ತಾನೆಂದು ಇಷ್ಟು ನಿಖರವಾಗಿ ಹೇಳಿದ ಕೈಪಿಡಿ ಬೇರೆ ಕಾಣೆ.

'ದೃಷ್ಟ' ಎಂದರೆ ಬೇರೆಯವರು ಕಂಡದ್ದನ್ನಷ್ಟೇ ಒಪ್ಪುವುದು. ನಮ್ಮ ಹುಡುಗ ಕಣದ ಮೆಣಸಿನ ಮಾತೆತ್ತುತ್ತಾನೆ, ಹಿಂದಿನ ವಾರ ಪಕ್ಕದ ತೋಟದಿಂದ ಒಯ್ದದ್ದನ್ನು ನುಂಗುತ್ತಾನೆ. 'ಬಾದರ' ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು, 'ಸೂಕ್ಷ್ಮ' ಅದರ ತಿರುಗುಮುರುಗು. ಮರುಕ ಹುಟ್ಟಿಸಿ ಹಗುರವಾಗುವುದು 'ಆಕಂಪಿತ'. ಅಮ್ಮನಿಗೆ ಹುಷಾರಿಲ್ಲ ಎಂದು ಮಾತು ಶುರುವಾದರೆ ಅದೇ. 'ಯಾರೋ ಹೀಗೆ ಮಾಡಿದರೆ ಏನಾಗುತ್ತೆ?' ಎಂದು ಮರೆಯಲ್ಲಿ ಕೇಳುವುದು 'ಛನ್ನ'. ಗದ್ದಲದ ನಡುವೆ ಗೊಣಗಿ ಮುಗಿಸುವುದು 'ಶಬ್ದಾಕುಲ'. ಕ್ಷಮಾವಣಿಯ ದಿನ ಮೊಬೈಲಿನಲ್ಲಿ ಒಂದೇ ಸಂದೇಶವನ್ನು ಇನ್ನೂರು ಜನಕ್ಕೆ ತಳ್ಳುವ ನಾವು ದೊಡ್ಡವರೂ ಈ ಕೊನೆಯದನ್ನು ಎರಡು ಸಲ ಓದಬಹುದು.

ವೃತ್ತ ನಡೆಸಿಕೊಡುವ ಹಿರಿಯರು ಉಪದೇಶ ಮಾಡಬೇಕಿಲ್ಲ. ಈ ಜಾರುವಿಕೆ ಕಂಡಾಗ ಒಂದು ಪ್ರಶ್ನೆ ಕೇಳಿ ಸುಮ್ಮನಾದರೆ ಸಾಕು: 'ಇನ್ನೇನಾದರೂ ಇದೆಯಾ?' ಮೌನ ಸಹಿಸುವುದೇ ಇಲ್ಲಿನ ಕಷ್ಟದ ಕೆಲಸ. ಉಳಿದ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ. ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದೆ? ಇದರಿಂದ ಯಾರಿಗೆ ಏನಾಯಿತು?

ಆದರೆ ಅದೇ ಪಟ್ಟಿಯ ಕೊನೆಯ ಎರಡು ದೋಷಗಳು ಮಕ್ಕಳ ನ್ಯಾಯವೃತ್ತವನ್ನೇ ಪ್ರಶ್ನಿಸುತ್ತವೆ. ಪಕ್ವವಾಗದವರ ಮುಂದೆ ಹೇಳಿಕೊಳ್ಳುವುದು 'ಅವ್ಯಕ್ತ'. ಅದೇ ತಪ್ಪು ಮಾಡುವವರ ಮುಂದೆ ಹೇಳಿಕೊಳ್ಳುವುದು 'ತತ್ಸೇವಿ', ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಾರೆ. ಸಮವಯಸ್ಕರ ವೃತ್ತಕ್ಕೆ ಎರಡೂ ಅಪಾಯವಿದೆ, ಇದನ್ನು ಅಲ್ಲಗಳೆಯಲಾಗದು. ಹಾಗಾಗಿ ಮಕ್ಕಳನ್ನು ಗುರುಸ್ಥಾನದಲ್ಲಿ ಕೂರಿಸಬಾರದು. ತೂಗಿ ಶಿಕ್ಷೆ ಕೊಡುವುದು ಅವರ ಕೆಲಸವಲ್ಲ, ನೋವನ್ನು ಎದುರಿಗೆ ತರುವುದು ಅವರ ಕೆಲಸ. ತಪ್ಪಿತಸ್ಥನ ಗೆಳೆಯರ ಗುಂಪಿನವರು ಅಂದು ಕೂರದಿರಲಿ. ತರಬೇತಿಯಿಲ್ಲದೆ ಯಾರೂ ಕೂರದಿರಲಿ. ಆಗುವ ಒಪ್ಪಂದವನ್ನು ಹಿರಿಯರೊಬ್ಬರು ಓದಿ, ಅವಮಾನ ಮಾಡುವಂಥದ್ದನ್ನು ಹೊಡೆದುಹಾಕಲಿ. ಬಸ್ಕಿ ಹೊಡೆಸುವುದು, ಬಸದಿಯ ಬಾಗಿಲಲ್ಲಿ ನಿಲ್ಲಿಸುವುದು, ಬಲವಂತದ ಉಪವಾಸ ಯಾವುದೂ ಸಲ್ಲದು. ತಾನಾಗಿ ಮಾಡದ ಉಪವಾಸ ತಪವಾಗುವುದಿಲ್ಲ.

ಕೂಲಿಯವನ ಮಾತಿಗೆ ಬರೋಣ. ಕ್ಷಮೆ ಕೇಳುವುದು ನಮಗೆ ಅಭ್ಯಾಸ, ಹಾಗಾಗಿ ಎದುರಿನವನು ಕ್ಷಮಿಸಲೇಬೇಕು ಎಂದೂ ಅಂದುಕೊಳ್ಳುತ್ತೇವೆ. ಸಾಹುಕಾರರು, ಬಸದಿಯವರು, ಶಾಲೆಯವರು ಸುತ್ತ ಕೂತಿರುವಾಗ ದಿನಗೂಲಿಯವನು 'ಇಲ್ಲ' ಎನ್ನುವುದು ಹೇಗೆ? ಅವನನ್ನು ಮೊದಲು ಅವನಿದ್ದಲ್ಲೇ ಒಂಟಿಯಾಗಿ ಕಂಡು ಏನು ಬೇಕೆಂದು ಕೇಳಬೇಕು. ಬರಲಾರೆನೆಂದರೆ ಅಲ್ಲಿಗೆ ಬಿಡಬೇಕು. ಅವನ ಪರವಾಗಿ ಅವನು ಆರಿಸಿದವರು ಬರಬಹುದು. ಕ್ಷಮಿಸದಿರುವುದೂ ಅವನ ಹಕ್ಕು. ಬೆಳೆಗಾರರೂ ವೃತ್ತದಲ್ಲಿ ಬರಿಯ ನೊಂದವರಾಗಿ ಕೂರುವಂತಿಲ್ಲ, ಸುಳ್ಳು ಆರೋಪ ಹೊರಿಸಿದವರು ಅವರೇ.

ನಮ್ಮ ಪ್ರಸಂಗದಲ್ಲಿ ಒಪ್ಪಂದ ಹೀಗಿರಬಹುದು: ಹುಡುಗರು ತಮ್ಮ ದುಡಿಮೆಯಿಂದಲೇ, ಓದು ಕೆಡದಂತೆ, ಮೆಣಸಿನ ಹಣ ತೀರಿಸುವುದು, ಬೆಳೆಗಾರರು ಕೂಲಿಯವನನ್ನು ಮರಳಿ ಕರೆದು ತಪ್ಪಿದ ದಿನಗಳ ಕೂಲಿ ಕೊಡುವುದು, 'ಕದ್ದವನು ಇವನಲ್ಲ' ಎಂದು, ಆರೋಪ ಕೇಳಿದ ಜನರ ಮುಂದೆಯೇ ಹೇಳುವುದು. ಆ ಕೊನೆಯ ಮಾತು ಹೇಳುವಾಗಲೂ ಹುಡುಗರ ಹೆಸರು ಬರಬಾರದು. ಪ್ರಕರಣ ಮಂಡಳಿಗೆ ಹೋಗಿದ್ದರೆ ಮಗುವಿನ ಗುರುತು ಪ್ರಕಟಿಸುವುದು ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ಹೋಗದಿದ್ದರೂ ವೃತ್ತದಲ್ಲಿ ಕೇಳಿದ್ದು ಊರಿನ ವಾಟ್ಸಾಪ್ ಗುಂಪಿಗೆ ಹೋಗದಂತೆ ಕೂತವರೆಲ್ಲ ಮೊದಲೇ ಒಪ್ಪಿರಬೇಕು.